ಬನಪ್ಪ ಎಂದರೆ ಕಾಡಿನ ಒಡೆಯನಲ್ಲ

ನಮ್ಮಪ್ಪನ ಹೆಸರು ಬನಪ್ಪ. ಬಸಪ್ಪ ಅಲ್ಲ.

ಈ ಎರಡನೆಯ ವಾಕ್ಯವನ್ನು ಇಷ್ಟು ವರ್ಷಗಳಲ್ಲಿ ಎಷ್ಟು ಸಲ ಹೇಳಿದ್ದೇನೋ ಲೆಕ್ಕವಿಲ್ಲ. ನನ್ನನ್ನು ಶಾಲೆಗೆ ಸೇರಿಸುವಾಗ ಅಪ್ಪ ತನ್ನ ಹೆಸರನ್ನು ಸರಿಯಾಗಿಯೇ ಹೇಳಿದ್ದ. ಬರೆದುಕೊಂಡವರಿಗೆ ಅದು ತಪ್ಪೆನಿಸಿತು. ಹಳ್ಳಿಯ ಮನುಷ್ಯ, ಉಚ್ಚಾರ ಸರಿಯಿಲ್ಲ ಎಂದುಕೊಂಡು ಅವರೇ ತಿದ್ದಿದರು. ಹೀಗಾಗಿ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ನಾನು ಬಸಪ್ಪನ ಮಗಳು, ಆಧಾರ್ ಕಾರ್ಡಿನಲ್ಲಿ ಬನಪ್ಪನ ಮಗಳು. ಪಿಎಚ್.ಡಿ.ಗೆ ಸೇರಿ ಫೆಲೋಶಿಪ್ಪಿಗೆ ಅರ್ಜಿ ಹಾಕಿದಾಗ ಈ ಇಬ್ಬರೂ ಒಬ್ಬರೇ ಎಂದು ನೋಟರಿಯ ಮುಂದೆ ಪ್ರಮಾಣ ಮಾಡಿ ಅಫಿಡವಿಟ್ ಕೊಡಬೇಕಾಯಿತು. ಶಾಸನಗಳಲ್ಲಿ ಬರುವ ಹೆಸರುಗಳನ್ನು ಓದುವುದು ನನ್ನ ಅಧ್ಯಯನದ ಕೆಲಸ. ಸಾವಿರದ ಮುನ್ನೂರು ವರ್ಷದ ಹಿಂದಿನ ಹೆಸರನ್ನು ಕಲ್ಲಿನ ಮೇಲೆ ಇದ್ದಂತೆಯೇ ಓದಬೇಕು, ತಿದ್ದಬಾರದು ಎಂದು ನಮಗೆ ಕಲಿಸುತ್ತಾರೆ. ಎದುರಿಗೆ ನಿಂತ ಮನುಷ್ಯನ ಹೆಸರಿಗೆ ಆ ಮರ್ಯಾದೆ ಇಲ್ಲ.

ಅಪ್ಪ ಹೋದ ವರ್ಷ ತೀರಿಕೊಂಡ. ಈಗ ಅಣ್ಣನಿಗೆ ಗಂಡುಮಗು ಹುಟ್ಟಿದೆ. ನಮ್ಮ ಕಡೆ ತೊಟ್ಟಿಲಿಗೆ ಹಾಕುವ ದಿನ ಮಗುವಿನ ಕಿವಿಯಲ್ಲಿ ಕುರ್ರ್ ಎಂದು ಹೆಸರು ಹೇಳುವವಳು ಸೋದರತ್ತೆ. ಆ ಸೋದರತ್ತೆ ನಾನೇ. ಅಜ್ಜನ ಹೆಸರು ಮೊಮ್ಮಗನಿಗೆ ಬರುವುದು ನಮ್ಮಲ್ಲಿ ಹೇಳಿಸಿಕೊಂಡು ಆಗುವ ಮಾತಲ್ಲ, ತಾನಾಗಿಯೇ ಆಗುವಂಥದು. ಆದರೆ ಮೊನ್ನೆ ಬೆಂಗಳೂರಿನಿಂದ ಅಣ್ಣ ಫೋನು ಮಾಡಿ ಹೇಳಿದ: "ಅಪ್ಪನ ಹೆಸರ ಇಡೋದ ತಂಗಿ. ಆದ್ರ ಸ್ವಲ್ಪ ಬದಲ್ ಮಾಡಿ ವನೇಶ್ ಅಂತ ಇಡ್ತೀವಿ. ನೆಟ್‌ನ್ಯಾಗ ನೋಡಿದೆ, ಬನಪ್ಪ ಅಂದ್ರ ಕಾಡಿನ ಒಡೆಯ, ಶಿವ. ವನೇಶ್ ಅಂದ್ರೂ ಅದ. ಅರ್ಥ ಎಲ್ಲೂ ಹೋಗೂದಿಲ್ಲ."

ವ್ಯಾಕರಣದಲ್ಲಿ ತಪ್ಪಿಲ್ಲ. ವನ, ಈಶ ಸೇರಿದರೆ ಗುಣಸಂಧಿಯಾಗಿ ವನೇಶ. ತಪ್ಪಿರುವುದು ಅರ್ಥದಲ್ಲಿ. ಅರ್ಥ ಎಲ್ಲೂ ಹೋಗುವುದಿಲ್ಲ ಎಂದು ಅಣ್ಣ ನಂಬಿದ್ದಾನೆ. ಪೂರ್ತಿ ಹೋಗುತ್ತದೆ ಎಂದು ತೋರಿಸುವುದಕ್ಕೇ ಇದನ್ನು ಬರೆಯುತ್ತಿದ್ದೇನೆ. ಇದು ನನ್ನಣ್ಣನೊಬ್ಬನ ಜೊತೆಗಿನ ಜಗಳವಲ್ಲ. ಮಗುವಿಗೆ ಹೆಸರು ಹುಡುಕುವ ನೆಪದಲ್ಲಿ ನಮ್ಮ ಓದಿದ ತಲೆಮಾರು ಮಾಡುತ್ತಿರುವ ಒಂದು ದೊಡ್ಡ ಅಳಿಸುವಿಕೆಯ ಜೊತೆಗಿನ ಜಗಳ.

ನಮ್ಮೂರು ಚೊಳಚಗುಡ್ಡ. ಬಾದಾಮಿಯಿಂದ ನಾಲ್ಕೈದು ಕಿಲೋಮೀಟರ್. ಊರಿನ ಹೆಸರು ಗೊತ್ತಿಲ್ಲದವರಿಗೂ ಬನಶಂಕರಿ ಗೊತ್ತು. ಬನದ ಹುಣ್ಣಿಮೆಗೆ ಅವಳ ತೇರು ಎಳೆದ ಮೇಲೆ ತಿಂಗಳುಗಟ್ಟಲೆ ಜಾತ್ರೆ, ನಾಟಕ ಕಂಪನಿಗಳ ಟೆಂಟು, ಬುಟ್ಟಿಯಲ್ಲಿ ಜೋಳದ ರೊಟ್ಟಿ, ಬದನೆಕಾಯಿ ಪಲ್ಯ, ಗಡಿಗೆ ಮೊಸರು ಹೊತ್ತು ತಂದು ಮಾರುವ ಹೆಂಗಸರು. ಬನಪ್ಪ ಎಂಬ ಹೆಸರು ಹುಟ್ಟಿದ್ದು ಈ ತಾಯಿಯಿಂದ. ಅವಳಿಗೆ ನಡೆದುಕೊಳ್ಳುವ ಮನೆಗಳಲ್ಲಿ, ಹರಕೆ ಹೊತ್ತು ಮಗು ಹಡೆದವರ ಮನೆಗಳಲ್ಲಿ ಗಂಡು ಹುಟ್ಟಿದರೆ ಬನಪ್ಪ, ಬನಶಂಕರಪ್ಪ; ಹೆಣ್ಣು ಹುಟ್ಟಿದರೆ ಬನವ್ವ, ಬನಶಂಕರಿ. ಈ ಸೀಮೆ ದಾಟಿದರೆ ಬನಪ್ಪ ಅಪರೂಪ. ಅದಕ್ಕೇ ಅದು ಎಲ್ಲರ ಕಿವಿಗೂ ಬಸಪ್ಪ ಎಂದೇ ಕೇಳುತ್ತದೆ.

ಅಂದರೆ ಬನಪ್ಪ ಎಂಬುದು ಹೆಣ್ಣುದೇವರ ಹೆಸರನ್ನು ಹೊತ್ತ ಗಂಡಸಿನ ಹೆಸರು. ಉತ್ತರ ಕರ್ನಾಟಕದಲ್ಲಿ ಇದು ಒಂದೇ ಅಲ್ಲ. ಸವದತ್ತಿಯ ಯಲ್ಲಮ್ಮನಿಂದ ಯಲ್ಲಪ್ಪ, ಹುಲಿಗಿಯ ಹುಲಿಗೆಮ್ಮನಿಂದ ಹುಲಿಗೆಪ್ಪ, ದ್ಯಾಮವ್ವನಿಂದ ದ್ಯಾಮಪ್ಪ, ದುರ್ಗವ್ವನಿಂದ ದುರ್ಗಪ್ಪ. ಇದನ್ನು ಸಂಸ್ಕೃತದ ರೀತಿಯ ಜೊತೆ ಇಟ್ಟು ನೋಡಿ. ಅಲ್ಲಿಯೂ ಗಂಡಸರ ಹೆಸರಿನಲ್ಲಿ ದೇವಿ ಇದ್ದಾಳೆ. ಆದರೆ ಹೇಗಿದ್ದಾಳೆ? ರಮೇಶ ಎಂದರೆ ರಮೆಯ ಒಡೆಯ, ಉಮೇಶ ಎಂದರೆ ಉಮೆಯ ಒಡೆಯ, ಲಕ್ಷ್ಮೀಕಾಂತ, ಲಕ್ಷ್ಮೀಪತಿ ಎಂದರೆ ಅವಳ ಗಂಡ. ಇಲ್ಲವಾದರೆ ಕಾಳಿದಾಸ, ಅವಳ ಸೇವಕ. ದೇವಿಪ್ರಸಾದ, ಅವಳು ಕೊಟ್ಟ ಪ್ರಸಾದ. ದೇವಿಯ ಹೆಸರು ಗಂಡಸಿಗೆ ನೇರವಾಗಿ ಬರುವುದಿಲ್ಲ. ನಡುವೆ ಒಂದು ಸಂಬಂಧವನ್ನು ಹೇಳಬೇಕು, ಹೆಚ್ಚಿನ ಪಾಲು ಒಡೆತನದ ಸಂಬಂಧ.

ನಮ್ಮ ಯಲ್ಲಪ್ಪ ಯಲ್ಲಮ್ಮನ ಗಂಡನೂ ಅಲ್ಲ, ಆಳೂ ಅಲ್ಲ. ಅವನು ಅವಳ ಹೆಸರಿನವನು, ಅಷ್ಟೇ. ಒಂದೇ ಮನೆಯಲ್ಲಿ ಅಣ್ಣ ಯಲ್ಲಪ್ಪ, ತಂಗಿ ಯಲ್ಲವ್ವ ಎಂದು ಇರುತ್ತಾರೆ. 'ಅಪ್ಪ' ಎಂದರೆ ದೇವಿಯ ಗಂಡ ಎಂದಾಗಿದ್ದರೆ ಇದು ಸಾಧ್ಯವಿತ್ತೇ? ಗಂಡುದೇವರ ಹೆಸರುಗಳೂ ಹೀಗೆಯೇ ನಡೆಯುತ್ತವೆ. ಬಸವಣ್ಣನಿಂದ ಬಸಪ್ಪನೂ ಆಗುತ್ತಾನೆ, ಬಸವ್ವನೂ ಆಗುತ್ತಾಳೆ. ಮಲ್ಲಯ್ಯನಿಂದ ಮಲ್ಲಪ್ಪ, ಮಲ್ಲವ್ವ. ಸಂಗಯ್ಯನಿಂದ ಸಂಗಪ್ಪ, ಸಂಗವ್ವ. ದೇವರ ಪಾಲಿನ ಶಬ್ದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ಮಗುವಿನ ಪಾಲಿಗೆ ಬರುವ ಅಪ್ಪ, ಅವ್ವ ಎಂಬ ಪ್ರತ್ಯಯ ಅದನ್ನು ಹೇಳುತ್ತದೆ. ಎಷ್ಟು ಸರಳ, ಎಷ್ಟು ಅಚ್ಚುಕಟ್ಟು. ಇಷ್ಟು ಸೊಗಸಾದ ವ್ಯವಸ್ಥೆಯನ್ನು ಕಟ್ಟಿದವರಿಗೆ ಹೆಸರಿಡಲು ಬರುತ್ತಿರಲಿಲ್ಲ ಎಂದು ನಾವು ತಿಳಿದಿದ್ದೇವೆ.

ಒಂದು ಮಾತನ್ನು ಇಲ್ಲಿಯೇ ಸ್ಪಷ್ಟ ಮಾಡುತ್ತೇನೆ. ದೇವಿಯ ಹೆಸರಿಟ್ಟುಕೊಂಡ ಮಾತ್ರಕ್ಕೆ ನಮ್ಮ ಕಡೆಯ ಗಂಡಸರು ಹೆಂಗಸರನ್ನು ಗೌರವದಿಂದ ನಡೆಸಿಕೊಂಡರು ಎಂದು ನಾನು ಹೇಳುತ್ತಿಲ್ಲ. ನಮ್ಮವ್ವ ಮದುವೆಯಾಗಿ ಬಂದ ಮೇಲೆ ಅಪ್ಪನ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಶುಭಕಾರ್ಯಗಳಲ್ಲಿ ಒಡಪು ಹೇಳುವಾಗ ಮಾತ್ರ. ಗಂಡನ ಹೆಸರು ಹೇಳಿದರೆ ಅವನ ಆಯುಷ್ಯ ಕಡಿಮೆಯಾಗುತ್ತದೆ ಎಂದು ಹೆದರಿಸಿದ ಸಮಾಜವೇ ಇದು. ಆದರೆ ಅಷ್ಟು ಗಂಡಾಳಿಕೆಯ ಸಮಾಜದಲ್ಲಿಯೂ ಒಬ್ಬ ಗಂಡಸು ತಾಯಿದೇವತೆಯ ಹೆಸರನ್ನು ಹೊತ್ತು ಹೊಲಕ್ಕೆ, ಸಂತೆಗೆ, ಕಚೇರಿಗೆ ಹೋಗುತ್ತಿದ್ದ, ಅದರಲ್ಲಿ ಅವನಿಗೆ ನಾಚಿಕೆ ಇರಲಿಲ್ಲ ಎಂಬುದು ಸಣ್ಣ ಸಂಗತಿಯಲ್ಲ. 'ಬನಪ್ಪ ಎಂದರೆ ಶಿವ' ಎಂದಾಗ ನಾವು ಮಾಡುವುದೇನು? ಹೆಸರಿನೊಳಗಿಂದ ಅವಳನ್ನು ಹೊರಗೆ ಕಳಿಸಿ ಅವಳ ಗಂಡನನ್ನು ಕೂರಿಸುತ್ತೇವೆ. ತೇರು ಅವಳದು, ಗುಡಿ ಅವಳದು, ಹರಕೆ ಅವಳಿಗೆ. ಹೆಸರು ಮಾತ್ರ ಅವನದೇ?

ಇನ್ನು 'ಕಾಡು'. ವನ ಎಂಬುದರ ತದ್ಭವ ಬನ, ನಿಜ. 13ನೆಯ ಶತಮಾನದ ಕೇಶಿರಾಜ ಶಬ್ದಮಣಿದರ್ಪಣದಲ್ಲಿ ಇಂಥ ಮಾರ್ಪಾಡುಗಳಿಗೆಂದೇ ಒಂದು ಪ್ರಕರಣವನ್ನು ಮೀಸಲಿಟ್ಟ. ಆದರೆ ಶಬ್ದ ಎಲ್ಲಿಂದ ಬಂತು ಎಂಬುದು ಒಂದು ಪ್ರಶ್ನೆ, ಬಂದ ಮೇಲೆ ಏನಾಯಿತು ಎಂಬುದು ಇನ್ನೊಂದು. ನಮ್ಮ ಜನಕ್ಕೆ ಕಾಡು ಎನ್ನಬೇಕಾದರೆ ಅಡವಿ ಎಂಬ ಶಬ್ದವಿತ್ತು. ಅದರಿಂದ ಆದ ಹೆಸರೂ ಇದೆ: ಅಡಿವೆಪ್ಪ. ಕಾಡನ್ನು ಹೆಸರಿನಲ್ಲಿ ತರಬೇಕಾದವರು ಅಡಿವೆಪ್ಪ ಎಂದು ತಂದರು. ಬನ ಎಂದರೆ ಬೇರೆ. ತೆಂಗಿನ ಬನ, ಹೂಬನ, ನಾಗಬನ. ನೀರಿನ ಆಸರೆ ಇರುವ, ನೆರಳಿರುವ, ಕೈಗೆ ಏನಾದರೂ ಸಿಗುವ ಜಾಗ. ಬನಶಂಕರಿಯ ಗುಡಿಯ ಸುತ್ತ ಇರುವುದೂ ಅದೇ: ತೆಂಗು, ಬಾಳೆ, ಎಲೆಬಳ್ಳಿಯ ತೋಟ, ಮುಂದೆ ದೊಡ್ಡ ಹೊಂಡ. ಅವಳ ಇನ್ನೊಂದು ಹೆಸರು ಶಾಕಂಬರಿ. ಬರಗಾಲದಲ್ಲಿ ತನ್ನ ಮೈಯಿಂದಲೇ ಕಾಯಿಪಲ್ಯ ಬೆಳೆದು ಲೋಕಕ್ಕೆ ಉಣಿಸಿದವಳು ಎಂದು ಪುರಾಣ. ಜಾತ್ರೆಯ ಹೊತ್ತಿನ ಪಲ್ಲೇದ ಹಬ್ಬದಲ್ಲಿ ಅವಳಿಗೆ 108 ಬಗೆಯ ಪಲ್ಯಗಳ ನೈವೇದ್ಯವಾಗುತ್ತದೆ. ಮಳೆಯನ್ನು ನಂಬಿ ಕೂತ ಈ ಒಣ ಸೀಮೆಯಲ್ಲಿ ಮಗನಿಗೆ ಬನಪ್ಪ ಎಂದು ಹೆಸರಿಟ್ಟ ತಾಯಿಯ ಮನಸ್ಸಿನಲ್ಲಿ ಇದ್ದದ್ದು ಕಾಡಿನ ಒಡೆತನವಲ್ಲ. ಉಣ್ಣುವುದಕ್ಕೆ ಇರಲಿ ಎಂಬ ಬೇಡಿಕೆ.

ಬನ ಎಂಬುದು ಕೆಟ್ಟ ರೂಪ, ವನ ಎಂಬುದು ಶುದ್ಧ ಎಂದು ಕೆಲವರು ಹೇಳುತ್ತಾರೆ. ಅವರನ್ನು ನಾನು ಒಂದೇ ಪ್ರಶ್ನೆ ಕೇಳುತ್ತೇನೆ: ಬಸವ ಎಂಬುದು ಯಾವುದರ ತದ್ಭವ? ವೃಷಭ. 12ನೆಯ ಶತಮಾನದ ಆ ದೊಡ್ಡ ಮನುಷ್ಯನನ್ನು ನಾವು ಹೃದಯದಲ್ಲಿ ಇಟ್ಟುಕೊಂಡದ್ದು ತದ್ಭವದ ರೂಪದಲ್ಲಿಯೇ. ಅದು ಅಶುದ್ಧವಾಗಿದ್ದರೆ ಕನ್ನಡದ ಅರ್ಧ ಮನೆತನಗಳ ಹೆಸರು ಅಶುದ್ಧ.

ಹೆಸರಿಗೆ ಅರ್ಥ ಬೇಕೇ ಬೇಕು ಎಂಬ ಹಟ ನಮಗೆ ಎಲ್ಲಿಂದ ಬಂತು? ನಮ್ಮೂರ ನೆರೆಯ ಬಾದಾಮಿಯನ್ನೇ ನೋಡೋಣ. ಪುಲಕೇಶಿ ಎಂಬ ಹೆಸರು ಯಾರಿಗೆ ಗೊತ್ತಿಲ್ಲ? ಬೆಂಗಳೂರಿನಲ್ಲಿ ಅವನ ಹೆಸರಿನ ವಿಧಾನಸಭಾ ಕ್ಷೇತ್ರವೇ ಇದೆ. ಆದರೆ ಆ ಹೆಸರಿನ ಅರ್ಥ? ಶಾಸನಗಳಲ್ಲಿ ಪೊಲೆಕೇಶಿ ಎಂದೂ ಇದೆ, ಪುಲಕೇಶಿ ಎಂದೂ ಇದೆ. ಇದು ಕನ್ನಡ, ಸಂಸ್ಕೃತ ಎರಡೂ ಕೂಡಿದ ಶಬ್ದ, ಹುಲಿಯಂಥ ಕೂದಲಿನವನು ಎಂದು ಜೆ.ಎಫ್. ಫ್ಲೀಟ್ ಊಹಿಸಿದರು. ಅಲ್ಲ, ಪೂರ್ತಿ ಸಂಸ್ಕೃತ, ದೊಡ್ಡ ಸಿಂಹ ಎಂದರು ಕೆ.ಎ. ನೀಲಕಂಠ ಶಾಸ್ತ್ರಿ. ಹುಲಿಯೋ ಸಿಂಹವೋ ತೀರ್ಮಾನವಾಗಿಲ್ಲ ಎಂದು ಯಾರೂ ಆ ಹೆಸರನ್ನು ಬದಲಾಯಿಸಲು ಹೊರಟಿಲ್ಲ. ಅದೇ ಚಕ್ರವರ್ತಿಗೆ ಎರೆಯ ಎಂಬ ಅಚ್ಚಗನ್ನಡದ ಹೆಸರೂ ಇತ್ತೆಂದು ಪೆದ್ದವಡುಗೂರಿನ ಶಾಸನದಿಂದ ತಿಳಿಯುತ್ತದೆ. ಬಾದಾಮಿಯ ಬಂಡೆಯ ಮೇಲೆ ಸುಮಾರು 700ರ ಹೊತ್ತಿನ ಶಾಸನವೊಂದಿದೆ. ಕನ್ನಡದ ಅತಿ ಹಳೆಯ ತ್ರಿಪದಿಗಳು ಸಿಗುವುದು ಅಲ್ಲಿ. ಅದು ಹೊಗಳುವ ವೀರನ ಹೆಸರು ಕಪ್ಪೆ ಅರಭಟ್ಟ. ಇವತ್ತು ಮಗುವಿಗೆ ಹೆಸರು ಹುಡುಕುವ ಯಾವ ದಂಪತಿಯೂ ಕಪ್ಪೆ ಎಂಬ ಶಬ್ದವನ್ನು ಹತ್ತಿರ ಬಿಟ್ಟುಕೊಳ್ಳಲಾರರು. ಅವನಿಗೆ ಆ ಹೆಸರಿನಿಂದ ಯಾವ ಕುಂದೂ ಆಗಲಿಲ್ಲ.

ಇನ್ನೊಂದು ಸಂಗತಿ. ಬಾದಾಮಿಯ ಕೋಟೆಯನ್ನು 543ರಲ್ಲಿ ಕಟ್ಟಿಸಿದವನು ಮೊದಲನೆಯ ಪುಲಕೇಶಿ. ಅವನ ಮಗ ಕೀರ್ತಿವರ್ಮ. ಕೀರ್ತಿವರ್ಮನ ಮಗ, ರವಿಕೀರ್ತಿ 634-35ರ ಐಹೊಳೆ ಶಾಸನದಲ್ಲಿ ಹಾಡಿ ಹೊಗಳಿದವನು, ಇಮ್ಮಡಿ ಪುಲಕೇಶಿ. ಅಜ್ಜನ ಹೆಸರು ಮೊಮ್ಮಗನಿಗೆ. ಅರಮನೆಯಲ್ಲಿ ನಡೆದದ್ದೂ ನಮ್ಮ ಗುಡಿಸಲಿನಲ್ಲಿ ನಡೆಯುವುದೂ ಒಂದೇ ಪದ್ಧತಿ. ಮೊಮ್ಮಗನಿಗೆ ಪುಲಕೇಶಿ ಎಂದು ಹೆಸರಿಟ್ಟಾಗ ಅದರ ಅರ್ಥ ಹುಲಿಯೂ ಆಗಿರಲಿಲ್ಲ, ಸಿಂಹವೂ ಆಗಿರಲಿಲ್ಲ. ಅದರ ಅರ್ಥ 'ನಮ್ಮ ಅಜ್ಜ' ಎಂದಾಗಿತ್ತು.

ನನ್ನ ವಾದವೂ ಇಷ್ಟೇ. ಹೆಸರಿನ ಅರ್ಥ ನಿಘಂಟಿನಲ್ಲಿ ಇರುವುದಿಲ್ಲ. ಯಾರ ಹೆಸರು, ಯಾರು ಇಟ್ಟರು, ಯಾಕೆ ಇಟ್ಟರು, ಯಾರು ಹೇಗೆ ಕರೆದರು ಎಂಬುದರಲ್ಲಿ ಇರುತ್ತದೆ. ಮಗುವಿನ ಹೆಸರಿನ ಪಟ್ಟಿಗಳು ಈ ನಾಲ್ಕನ್ನೂ ಕಿತ್ತುಹಾಕಿ ಐದನೆಯದೊಂದನ್ನು ಮಾರುತ್ತವೆ: ಸೂರ್ಯನ ಕಿರಣ, ಕಾಡಿನ ಒಡೆಯ, ಜಗತ್ತಿನ ಜಯಶಾಲಿ. ಅಕ್ಷರಕ್ಕೊಂದು ಹೆಸರು, ಹೆಸರಿಗೊಂದು ಸಾಲು ಅರ್ಥ. ಬನಪ್ಪ ಎಂಬ ಹೆಸರಿನ ಮುಂದೆ ಆ ಸಾಲನ್ನು ಬರೆದವರು ಬನಶಂಕರಿಯ ತೇರನ್ನು ನೋಡಿಲ್ಲ ಎಂದು ನಾನು ಧೈರ್ಯವಾಗಿ ಹೇಳಬಲ್ಲೆ.

ನನಗೆ ಎದುರಾಗುವ ಆಕ್ಷೇಪಣೆಗಳಲ್ಲಿ ಒಂದು ಗಟ್ಟಿಯಾದದ್ದು. "ಪಿಎಚ್.ಡಿ. ಮಾಡುತ್ತಾ ಕೂತವಳಿಗೆ ಹಳ್ಳಿಯ ಹೆಸರು ಚೆಂದ. ಆ ಹೆಸರು ಹೊತ್ತು ಇಂಟರ್‌ವ್ಯೂಗೆ ಹೋಗುವವನ ಕಷ್ಟ ನಿನಗೇನು ಗೊತ್ತು? ಹೆಸರು ಕೇಳಿಯೇ ಊರು, ಜಾತಿ ಅಳೆಯುವವರು ಇಲ್ಲವೇ?" ಇದ್ದಾರೆ. ಅವಮಾನಕ್ಕೆಂದೇ ಅಂಟಿಸಿದ ಹೆಸರುಗಳನ್ನು ಕಿತ್ತೆಸೆದು ಸಿದ್ಧಾರ್ಥ, ಗೌತಮ ಎಂದು ತಾವೇ ಆರಿಸಿಕೊಂಡವರ ಬಗ್ಗೆ ನನಗೆ ಗೌರವವಿದೆ. ಅದು ಹೋರಾಟದ ಭಾಗ. ಹೊತ್ತವನೇ ತನ್ನ ಹೆಸರನ್ನು ಇಳಿಸಿದರೆ ಕೇಳಲು ನಾನ್ಯಾರು?

ಆದರೆ ನಮ್ಮಪ್ಪನ ಕಥೆ ಬೇರೆ. ಅವನಿಗೆ ಹತ್ತು ಹನ್ನೆರಡು ವರ್ಷವಿದ್ದಾಗ ನಮ್ಮಜ್ಜ ದುಡಿಯುತ್ತಿದ್ದ ಹೊಲದ ಧಣಿ ಅವನನ್ನು ಬನಪ್ಪ ಎಂದು ಕರೆಯುತ್ತಿರಲಿಲ್ಲ. 'ಬನ್ಯಾ' ಎನ್ನುತ್ತಿದ್ದ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಸಪ್ಪನನ್ನು ಬಸ್ಯಾ, ಯಲ್ಲಪ್ಪನನ್ನು ಯಲ್ಯಾ, ದುರ್ಗಪ್ಪನನ್ನು ದುರ್ಗ್ಯಾ ಎನ್ನುವುದು ಗೆಳೆಯನ ಬಾಯಲ್ಲಿ ಸಲಿಗೆ, ಧಣಿಯ ಬಾಯಲ್ಲಿ ಹೊಡೆತ. ಹೆಸರಿನಿಂದ ದೇವರನ್ನು ತೆಗೆಯುತ್ತಿರಲಿಲ್ಲ, ಅಪ್ಪನನ್ನು ತೆಗೆಯುತ್ತಿದ್ದರು. ಯಾಕೆಂದರೆ ಮರ್ಯಾದೆ ಇದ್ದದ್ದು ಅಲ್ಲಿ. ಅಪ್ಪ ಕೊನೆಯವರೆಗೂ ಸಹಿ ಮಾಡುವಾಗ ಬನಪ್ಪ ಎಂದು ಪೂರ್ತಿ, ದೊಡ್ಡ ಅಕ್ಷರದಲ್ಲಿ, ಪಕ್ಕದ ಕಾಲಮಿಗೆ ದಾಟಿದರೂ ಬಿಡದೆ ಬರೆಯುತ್ತಿದ್ದ. ಬ್ಯಾಂಕಿನವರು ಬೈದರೂ ಕೇಳುತ್ತಿರಲಿಲ್ಲ. ಆ ಎರಡು ಅಕ್ಷರಕ್ಕೆ ಅವನು ಎಷ್ಟು ವರ್ಷ ಕಾದಿದ್ದ ಎಂದು ಆಗ ನನಗೆ ತಿಳಿದಿರಲಿಲ್ಲ.

ಈಗ ನಾವು, ಅವನ ದುಡಿಮೆಯಿಂದ ಓದಿದ ಮಕ್ಕಳು, ಯಾವ ಧಣಿಯೂ ಕೇಳದಿದ್ದರೂ ಆ 'ಅಪ್ಪ'ನನ್ನು ನಾವೇ ತೆಗೆಯುತ್ತಿದ್ದೇವೆ. ಅಪ್ಪ ಎಂಬ ಪ್ರತ್ಯಯ ಹಳ್ಳಿಯದು, ಹಳೆಯದು, ಗೊಡ್ಡು ಎಂದು. ಈಶ್ ಎಂದರೆ ನಗರ, ನಾಜೂಕು ಎಂದು. ಹೆಸರಿನ ಅರ್ಧದಿಂದ ದೇವಿ ಹೋದಳು, ಇನ್ನರ್ಧದಿಂದ ಅಪ್ಪ ಹೋದ. ಉಳಿದದ್ದು ಕಾಡು ಮತ್ತು ಒಡೆತನ. ನಮಗೆ ಎರಡೂ ಎಂದೂ ಇರಲಿಲ್ಲ.

ನಿನ್ನೆ ಅಣ್ಣ ರಾಜಿಗೆ ಬಂದ. "ಆತ್ ಬಿಡು. ಬರ್ತ್ ಸರ್ಟಿಫಿಕೇಟದಾಗ ವನೇಶ್ ಇರ್ಲಿ. ಕಿವ್ಯಾಗ ನೀ ಬನಪ್ಪ ಅನ್ನು."

ಕೇಳಲು ಹಿತವಾದ ರಾಜಿ. ನಾನು ಒಪ್ಪಲಿಲ್ಲ. ನಮ್ಮ ಎಷ್ಟೋ ಸಂಗತಿಗಳು ಸತ್ತದ್ದು ಇಂಥ ರಾಜಿಯಿಂದಲೇ: ಮನೆಯಲ್ಲಿ ಒಂದು, ಕಾಗದದಲ್ಲಿ ಇನ್ನೊಂದು. ಕಿವಿಯಲ್ಲಿ ಹೇಳಿದ ಹೆಸರು ಹೇಳಿದವಳ ಜೊತೆ ಹೋಗುತ್ತದೆ. ಕಾಗದದ ಹೆಸರು ಉಳಿಯುತ್ತದೆ. ಕಾಗದದಲ್ಲಿ ಬಸಪ್ಪನಾಗಿ ಉಳಿದ ಒಬ್ಬ ಬನಪ್ಪನಿಗಾಗಿ ಅಫಿಡವಿಟ್ ಮಾಡಿಸಿದವಳು ನಾನು. ಕಾಗದದ ಬಲ ನನಗೆ ಗೊತ್ತು. ಮಗ ಅಣ್ಣನವನು, ಅತ್ತಿಗೆಯವನು. ಕೊನೆಯ ಮಾತು ಅವರದೇ. ವನೇಶ್ ಎಂದು ಇಡುವುದಾದರೆ ಇಡಲಿ. ಆದರೆ ಅದು ಅಪ್ಪನ ಹೆಸರು ಎಂದು ಹೇಳುವುದು ಬೇಡ. ಹೊಸ ಹೆಸರು ಇಟ್ಟೆವು ಎಂದು ಹೇಳಲಿ.

ಫೋನನ್ನು ಅವ್ವನ ಕೈಗೆ ಕೊಟ್ಟೆ. ಅವಳು ಇಬ್ಬರ ಮಾತನ್ನೂ ಕೇಳಿಸಿಕೊಂಡಿದ್ದಳು. "ನೀವು ಏನರ ಇಡ್ರಿ," ಅಂದಳು. "ಅವರ ಹೆಸರ ಹಿಡಿದು ಕರಿಯಾಕ ನನಗ ಬರೂದಿಲ್ಲ. ನಾ ಅವ್ನ ಅಪ್ಪಾ ಅಂತ ಕರೀತೀನಿ."

ಬನಪ್ಪ ಎಂದಿಟ್ಟರೆ ಅವಳು ಕರೆಯುವುದು ಅವನ ಹೆಸರಿನ ಅರ್ಧವನ್ನು. ವನೇಶ್‌ನಲ್ಲಿ ಅವಳು ಕರೆಯುವಂಥದು ಏನೂ ಇಲ್ಲ.